ಹಗಲು ಕೆರೆ, ಇರುಳು ಹೊಲ

ಪಕ್ಷಿವೀಕ್ಷಣೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಮನಸ್ಸು ಮಲೆನಾಡಿಗೆ ಓಡುತ್ತದೆ, ಇಲ್ಲವೇ ಕಾವೇರಿ ನಡುವಿನ ರಂಗನತಿಟ್ಟಿಗೆ. ಮರವಿದ್ದಲ್ಲಿ ಹಕ್ಕಿ, ಹಸಿರಿದ್ದಲ್ಲಿ ಜೀವ ಎಂಬ ಎಣಿಕೆ ಅಷ್ಟು ಆಳಕ್ಕೆ ಇಳಿದುಬಿಟ್ಟಿದೆ. ಕಾರ್ತಿಕದ ಒಂದು ವಾರಾಂತ್ಯವನ್ನು ಗದಗ ಮತ್ತು ವಿಜಯನಗರ ಜಿಲ್ಲೆಗಳ ಬಯಲಿನಲ್ಲಿ ಕಳೆದು ಬಂದರೆ ಆ ಎಣಿಕೆ ಸಡಿಲವಾಗುತ್ತದೆ. ಕಣ್ಣು ಹಾಯುವಷ್ಟು ದೂರ ಎರೆ ಹೊಲ, ನಡುವೆ ಒಂದು ಕೆರೆ, ಅಲ್ಲೊಂದು ಇಲ್ಲೊಂದು ಜಾಲಿ ಮರ. ನೋಡುವುದಕ್ಕೆ ಏನೂ ಇಲ್ಲವೆನ್ನಿಸುವ ಈ ಸೀಮೆಗೆ ಮಂಗೋಲಿಯಾದಿಂದ, ಟಿಬೆಟ್ಟಿನಿಂದ, ಕಜಕಸ್ತಾನದಿಂದ ಹಕ್ಕಿಗಳು ಬಂದಿಳಿಯುತ್ತವೆ.

ಅವು ಕೆರೆಗೆ ಬರುತ್ತವೆ ಎಂದು ನಾವು ವಾಡಿಕೆಯಲ್ಲಿ ಹೇಳುತ್ತೇವೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಈ ಹಕ್ಕಿಗಳ ದಿನಚರಿಯನ್ನು ಬೆಳಗಿನಿಂದ ಇರುಳಿನವರೆಗೆ ಹಿಂಬಾಲಿಸಿದರೆ ಉಳಿದರ್ಧ ಕಾಣುತ್ತದೆ: ಕೆರೆಯಷ್ಟೇ ಅವಕ್ಕೆ ಬಯಲೂ ಬೇಕು. ನೀರಿಗೆ ನಾವು ಕಾವಲು ಹಾಕಿದ್ದೇವೆ, ಬಯಲನ್ನು ಮರೆತಿದ್ದೇವೆ. ಈ ಲೇಖನ ಬರೆಯುತ್ತಿರುವುದು ಆ ಮರೆವಿನ ಬಗ್ಗೆ.

ಈ ಕಾಲವೇ ಏಕೆ?

ಆಶ್ವಯುಜ ಮುಗಿದು ಕಾರ್ತಿಕ ಕಾಲಿಡುವ ಹೊತ್ತಿಗೆ ಬಯಲುಸೀಮೆಯಲ್ಲಿ ಹಲವು ಸಂಗತಿಗಳು ಒಟ್ಟಿಗೆ ಕೂಡಿಬರುತ್ತವೆ. ಮಳೆಗಾಲದ ನೀರು ಕೆರೆಯಲ್ಲಿ ನಿಂತಿರುತ್ತದೆ. ಎರೆ ಮಣ್ಣು ಹಿಡಿದಿಟ್ಟ ಹಸಿಯನ್ನೇ ನಂಬಿ ಬಿತ್ತಿದ ಹಿಂಗಾರಿ ಜೋಳ, ಕಡಲೆ, ಕುಸುಬಿ ಮೊಳಕೆಯೊಡೆದಿರುತ್ತವೆ. ಹುಲ್ಲು ತೆನೆಗಟ್ಟಿರುತ್ತದೆ, ಹುಲ್ಲಿನ ತುಂಬ ಮಿಡತೆ. ಕಾಳು, ಚಿಗುರು, ಹುಳ, ಮೀನು, ನೀರು ಎಲ್ಲವೂ ಒಂದೇ ಸೀಮೆಯಲ್ಲಿ ಸಿಗುವ ಕಾಲವಿದು.

ಉತ್ತರದಲ್ಲಿ ಆಗ ಹಿಮ ಬೀಳತೊಡಗುತ್ತದೆ. ಅಲ್ಲಿಂದ ಹೊರಟ ಹಕ್ಕಿಗಳು ಒಂದೇ ಸಲಕ್ಕೆ ಬರುವುದಿಲ್ಲ, ಸರದಿಯಲ್ಲಿ ಬರುತ್ತವೆ. ಗುಲಾಬಿ ಮೈನಾಗಳ ಗುಂಪುಗಳು ಎಲ್ಲಕ್ಕಿಂತ ಮೊದಲು, ಮಳೆಗಾಲ ಮುಗಿಯುವ ಮುನ್ನವೇ ಹಾಜರಾಗುತ್ತವೆ. ಬಳಿಕ ಕೆಸರಿನಂಚಿನ ಗೊರವಗಳು, ಸಿಪಿಲೆಗಳು. ಅವುಗಳ ಹಿಂದೆ ಸೆಳೆವ ಅಥವಾ ಹ್ಯಾರಿಯರ್ ಎಂದು ಕರೆಯುವ ಗಿಡುಗಗಳು. ಆಮೇಲೆ ಸೂಜಿಬಾಲದ ಬಾತು, ಸಲಿಕೆಕೊಕ್ಕಿನ ಬಾತು. ಕೊನೆಗೆ ನವೆಂಬರಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು. ಮಧ್ಯ ಏಷ್ಯಾದ ವಲಸೆ ಹಾದಿ ಎಂದು ವಿಜ್ಞಾನಿಗಳು ಗುರುತಿಸಿರುವ, ಸುಮಾರು 30 ದೇಶಗಳ ಮೇಲೆ ಹರಡಿರುವ ಆಕಾಶದ ದಾರಿಯಲ್ಲಿ ನಮ್ಮ ದಖ್ಖನಿನ ಬಯಲು ಒಂದು ದೊಡ್ಡ ತಂಗುದಾಣ.

ಮಾಗಡಿಯ ದಂಡೆಯಲ್ಲಿ

ಗದಗದಿಂದ ಬೆಂಗಳೂರಿನ ಕಡೆಗೆ ಹೋಗುವ ರಸ್ತೆಯಲ್ಲಿ 26 ಕಿಲೋಮೀಟರ್ ಬಂದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಊರಿನ ಕೆರೆಯ ವಿಸ್ತಾರ ಸುಮಾರು 50 ಹೆಕ್ಟೇರ್. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಕಟ್ಟಿದ ಸಾಮಾನ್ಯ ಕೆರೆ ಇದು. ಇದನ್ನು ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಜೌಗು ಪ್ರದೇಶಗಳ ರಕ್ಷಣೆಗೆಂದು 1971ರಲ್ಲಿ ಇರಾನಿನ ರಾಮ್ಸಾರ್ ಊರಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿ ಅದು. ರಂಗನತಿಟ್ಟು 2022ರಲ್ಲಿ ಅದರಲ್ಲಿ ಸ್ಥಾನ ಪಡೆದ ಮೇಲೆ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಒಟ್ಟಿಗೆ ಸೇರಿದವು. ರಾಮ್ಸಾರ್ ಘೋಷಣೆಯ ವೇಳೆ ಕೊಟ್ಟ ವಿವರದ ಪ್ರಕಾರ ಮಾಗಡಿಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳು ಸುಮಾರು 8,000.

ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತೆ ದಂಡೆಯ ಮೇಲೆ ನಿಂತು ದುರ್ಬೀನು ಹಿಡಿದರೆ ಮೊದಲು ಕಾಣುವುದು ಬೂದುಬಣ್ಣದ ಒಂದು ಉದ್ದನೆಯ ಸಾಲು. ನಿಧಾನವಾಗಿ ಆ ಸಾಲು ಬಿಡಿಬಿಡಿ ಹಕ್ಕಿಗಳಾಗುತ್ತದೆ. ಬಿಳಿಯ ತಲೆ, ಹಿಂಬದಿಯಲ್ಲಿ ಒಂದರ ಕೆಳಗೊಂದು ಎರಡು ಕಪ್ಪು ಪಟ್ಟೆ. ಕಿತ್ತಳೆ ಹಳದಿಯ ಕೊಕ್ಕು, ಅದೇ ಬಣ್ಣದ ಕಾಲು. ಕತ್ತಿನ ಇಬ್ಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ಬಿಳಿಯ ಗೆರೆ. ಹೆಚ್ಚಿನವು ಕೊಕ್ಕನ್ನು ಬೆನ್ನಿನ ಗರಿಗಳೊಳಗೆ ಹುದುಗಿಸಿ ನಿದ್ದೆಯಲ್ಲಿರುತ್ತವೆ. ಗುಂಪಿನ ಅಂಚಿನಲ್ಲಿರುವ ಕೆಲವು ಮಾತ್ರ ಕತ್ತು ನೆಟ್ಟಗೆ ಮಾಡಿ ಸುತ್ತ ನೋಡುತ್ತಿರುತ್ತವೆ. ದಂಡೆಯ ಮೇಲೆ ನಾಯಿಯೊಂದು ಹಾದರೆ ಸಾಕು, ಆ ಕತ್ತುಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ. ಮೂಗಿನಿಂದ ಹೊರಟಂಥ ಮೆಲುದನಿಯ ಕರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತದೆ.

ಕೆರೆಯಂಗಳ ಬೋಳಾಗಿರುವುದು ಇವಕ್ಕೆ ದೊಡ್ಡ ಅನುಕೂಲ. ಸುತ್ತ ದಟ್ಟ ಮರವಿಲ್ಲ, ಎತ್ತರದ ಜೊಂಡಿಲ್ಲ. ನಾಯಿ ಬಂದರೂ ನರಿ ಬಂದರೂ ದೂರದಿಂದಲೇ ಕಾಣುತ್ತದೆ. ನೀರು ಇವಕ್ಕೆ ಮಲಗುವ ಜಾಗ, ಕುಡಿಯುವ ಜಾಗ, ಗರಿ ಒಪ್ಪಮಾಡಿಕೊಳ್ಳುವ ಜಾಗ. ಊಟ ಮಾತ್ರ ಬೇರೆ ಕಡೆ. ಹೆಬ್ಬಾತು ಮೀನು ಹಿಡಿಯುವ ಹಕ್ಕಿಯಲ್ಲ. ಹುಲ್ಲು, ಚಿಗುರು, ಕಾಳು ಅದರ ಆಹಾರ, ದನದಂತೆ ಮೇಯುತ್ತದೆ.

ಕೆರೆಯ ಪಕ್ಕದ ಹೊಲದಲ್ಲಿ ಎಡೆ ಹೊಡೆಯುತ್ತಿದ್ದ ಹಿರಿಯ ರೈತರೊಬ್ಬರನ್ನು ಕೇಳಿದೆ: "ಇವು ಏನ್ ತಿಂತಾವ್ರಿ ಕಾಕಾ?"

"ಹಗಲೆಲ್ಲ ನೀರಾಗ ಕುಂತಿರ್ತಾವ್ರಿ. ಹೊತ್ತು ಮುಳುಗಿತಂದ್ರ ಹೊಲಕ್ಕ ಹೊಂಟುಬಿಡ್ತಾವ. ಕಡ್ಲಿ ಚಿಗರು ಕಂಡ್ರ ಬಿಡೂದಿಲ್ಲ."

"ಬೆಳಿ ಹಾಳಾಗೂದಿಲ್ಲೇನ್ರಿ?"

"ಆಕ್ಕೈತಿ ಸ್ವಲ್ಪ. ಹಿಕ್ಕಿ ಹಾಕ್ತಾವ, ಅದೂ ಗೊಬ್ಬರ ಆಕ್ಕೈತಿ. ಅಷ್ಟು ದೂರದಿಂದ ಬಂದಾವ, ಏನ್ ಮಾಡೂದ್ರಿ?"

ಆ ಮಾತಿನಲ್ಲಿ ಮಾಗಡಿಯ ರಹಸ್ಯವೆಲ್ಲ ಇದೆ. ಸಂರಕ್ಷಣಾ ಮೀಸಲಿನ ಗೆರೆ ಕೆರೆಯ ಅಂಚಿಗೆ ಮುಗಿಯುತ್ತದೆ, ಹೆಬ್ಬಾತುಗಳ ಊಟದ ತಟ್ಟೆ ಆ ಗೆರೆಯ ಆಚೆ ಇದೆ. ಸರ್ಕಾರ ಕಾಯುತ್ತಿರುವುದು ಅವುಗಳ ಹಾಸಿಗೆಯನ್ನು. ಅನ್ನ ಹಾಕುತ್ತಿರುವವರು ಸುತ್ತಲ ಹಳ್ಳಿಗಳ ರೈತರು, ಅದೂ ಯಾವ ಸದ್ದೂ ಇಲ್ಲದೆ. ಸಂಜೆ ಸೂರ್ಯ ಇಳಿದ ಮೇಲೆ ಗುಂಪು ಗುಂಪಾಗಿ ನೀರು ಬಿಟ್ಟೇಳುವ ಹಕ್ಕಿಗಳು ಎಳೆಎಳೆಯಾಗಿ ಹೊಲಗಳತ್ತ ಹರಿಯುವುದನ್ನು ನೋಡಿದವರಿಗೆ ಇದನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಿಮಾಲಯ ದಾಟುವ ಉಸಿರು

ಇವುಗಳ ತವರು ಟಿಬೆಟ್, ಮಂಗೋಲಿಯಾ, ಕಿರ್ಗಿಸ್ತಾನದ ಎತ್ತರದ ಸರೋವರಗಳು. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಅಲ್ಲಿಂದ ಇಲ್ಲಿಗೆ ಬರಬೇಕಾದರೆ ನಡುವೆ ಹಿಮಾಲಯ.

ಲೂಸಿ ಹಾಕ್ಸ್, ಚಾರ್ಲ್ಸ್ ಬಿಷಪ್ ಮತ್ತು ಅವರ ಸಂಗಡಿಗರು ಈ ಹಕ್ಕಿಗಳಿಗೆ ಉಪಗ್ರಹ ಸಾಧನಗಳನ್ನು ಅಳವಡಿಸಿ ವರ್ಷಗಟ್ಟಲೆ ಹಿಂಬಾಲಿಸಿದರು. ದಾಖಲಾದ ಅತಿ ಹೆಚ್ಚಿನ ಎತ್ತರ ಸುಮಾರು 7,290 ಮೀಟರ್. ಆದರೆ ಸಾಮಾನ್ಯವಾಗಿ ಅವು ಅಷ್ಟು ಮೇಲೇರುವುದಿಲ್ಲ, ಕಣಿವೆ ಕಣಿವೆಗಳ ನಡುವೆ ದಾರಿ ಹುಡುಕಿಕೊಳ್ಳುತ್ತವೆ. 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಜಾಣ್ಮೆಯನ್ನು ತೋರಿಸಿತು. ಒಮ್ಮೆ ಮೇಲೇರಿ ಆ ಎತ್ತರದಲ್ಲೇ ಉಳಿಯುವ ಬದಲು, ಹೆಬ್ಬಾತುಗಳು ಬೆಟ್ಟದ ಏರಿಳಿತವನ್ನೇ ಅನುಸರಿಸಿ ಏರುತ್ತ ಇಳಿಯುತ್ತ ಸಾಗುತ್ತವೆ. ಗಾಳಿ ತೆಳುವಾದಷ್ಟೂ ರೆಕ್ಕೆ ಬಡಿಯಲು ಹೆಚ್ಚು ಶಕ್ತಿ ಬೇಕು. ಆದ್ದರಿಂದ ಇಳಿಯಲು ಅವಕಾಶ ಸಿಕ್ಕಲ್ಲೆಲ್ಲ ದಟ್ಟ ಗಾಳಿಗೆ ಇಳಿದು, ಬೇಕಾದಾಗ ಮತ್ತೆ ಏರುವುದೇ ಲಾಭ. ರಾತ್ರಿ ಮತ್ತು ನಸುಕಿನ ತಣ್ಣನೆಯ ಗಾಳಿ ಇನ್ನೂ ದಟ್ಟವಾಗಿರುವುದರಿಂದ ಕಠಿಣವಾದ ಏರನ್ನು ಅವು ಹೆಚ್ಚಾಗಿ ಆ ಹೊತ್ತಿನಲ್ಲೇ ಮುಗಿಸುತ್ತವೆ.

ಐದೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರದ ಅರ್ಧದಷ್ಟು. ಅಲ್ಲಿ ಮನುಷ್ಯ ನಡೆದರೂ ಏದುಸಿರು ಬಿಡುತ್ತಾನೆ. ಹೆಬ್ಬಾತಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಯಲಿನ ಹೆಬ್ಬಾತುಗಳದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ಶ್ವಾಸಕೋಶ ದೊಡ್ಡದು, ಉಸಿರು ಆಳವಾದದ್ದು, ರೆಕ್ಕೆಯ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳ ಹೆಣಿಗೆ ದಟ್ಟ. ಇಷ್ಟೆಲ್ಲ ಸಜ್ಜಿಕೆಯ ಹಕ್ಕಿಯೊಂದು ಕೊನೆಗೆ ನೆಚ್ಚಿಕೊಂಡಿರುವುದು ಶಿರಹಟ್ಟಿ ಸೀಮೆಯ ಕಡಲೆ ಹೊಲವನ್ನು ಎಂಬುದು ನೆನೆದಾಗೆಲ್ಲ ಮನಸ್ಸು ತುಂಬುತ್ತದೆ.

ಬರಿದಲ್ಲದ ಬಯಲು

ಮಾಗಡಿಯಿಂದ ಮುಂಡರಗಿಯ ಕಡೆಗೆ ಹೊರಟರೆ ಕಪ್ಪತಗುಡ್ಡದ ಸಾಲು ಕಾಣುತ್ತದೆ. ಗುಡ್ಡ 2019ರಿಂದ ವನ್ಯಜೀವಿಧಾಮ. ಅದರ ಬುಡದಿಂದ ಆಚೆ ಹಬ್ಬಿರುವ ಎರೆ ಸೀಮೆಗೆ ಮಾತ್ರ ಅಂಥ ಯಾವ ಹೆಸರೂ ಇಲ್ಲ. ಇಲ್ಲಿ ವಾಹನ ನಿಲ್ಲಿಸಿ ಇಳಿದು, ಸುಮ್ಮನೆ ನಿಲ್ಲಬೇಕು. ಕೆರೆಯಲ್ಲಿ ಹಕ್ಕಿ ತಾನಾಗಿ ಕಾಣುತ್ತದೆ, ಬಯಲಿನಲ್ಲಿ ಅದು ಕಾಣಿಸಿಕೊಳ್ಳುವವರೆಗೆ ಕಾಯಬೇಕು.

ಮೊದಲು ಕಾಣುವುದು ಸಾಮಾನ್ಯವಾಗಿ ಸೆಳೆವ. ಬೂದುಬಣ್ಣದ ತೆಳ್ಳನೆಯ ಗಂಡು, ರೆಕ್ಕೆಯ ತುದಿ ಮಸಿ ಕಪ್ಪು. ನೆಲದಿಂದ ಆಳೆತ್ತರದಲ್ಲಿ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು ಹುಲ್ಲಿನ ಮೇಲೆ ತೇಲಿಕೊಂಡು ಬರುತ್ತದೆ. ಹೊಲದ ಈ ಬದುವಿನಿಂದ ಆ ಬದುವಿಗೆ, ಮತ್ತೆ ತಿರುಗಿ ಈಚೆಗೆ, ನೆಲವನ್ನು ಪಟ್ಟಿ ಪಟ್ಟಿಯಾಗಿ ಶೋಧಿಸುತ್ತದೆ. ಇದ್ದಕ್ಕಿದ್ದಂತೆ ಮೈ ತಿರುಚಿ ಕೆಳಕ್ಕೆ ಬೀಳುತ್ತದೆ. ಗೂಬೆಯ ಮುಖದಂತೆ ಇದರ ಮುಖದ ಸುತ್ತಲೂ ಗರಿಗಳ ತಟ್ಟೆಯಿದೆ, ಹುಲ್ಲಿನೊಳಗಿನ ಸಣ್ಣ ಸರಪರ ಸದ್ದನ್ನೂ ಕಿವಿಗೆ ತಲುಪಿಸುವುದು ಅದರ ಕೆಲಸ. ಮೊಂಟೆಗೂ ಸೆಳೆವ, ಮಾಸಲು ಸೆಳೆವಗಳ ಮುಖ್ಯ ಆಹಾರದಲ್ಲಿ ಮಿಡತೆಗೆ ದೊಡ್ಡ ಪಾಲು. ರೈತನ ಪಾಲಿಗೆ ಇವು ಕೂಲಿ ಕೇಳದ ಕಾವಲುಗಾರರು.

ಸಂಜೆಯಾದಾಗ ಇವು ಮರಕ್ಕೆ ಹೋಗುವುದಿಲ್ಲ. ಹತ್ತಿರದ ಹುಲ್ಲುಗಾವಲಿನಲ್ಲಿ ಹಲವು ಹಕ್ಕಿಗಳು ಒಟ್ಟಾಗಿ ನೆಲದ ಮೇಲೆಯೇ ಮಲಗುತ್ತವೆ. ಇವುಗಳ ಬದುಕಿಗಿರುವ ದೊಡ್ಡ ಆತಂಕವೂ ಅದೇ. ಹುಲ್ಲು ಸುಟ್ಟರೆ, ಉತ್ತರೆ, ಮನೆಯಿಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಸಂಗಡಿಗರು ದೇಶದ ಇಂಥ ತಂಗುದಾಣಗಳ ಮೂವತ್ತು ವರ್ಷಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ, ಚಳಿಗಾಲಕ್ಕೆ ಬರುವ ಸೆಳೆವಗಳ ಸಂಖ್ಯೆ ಇಳಿಮುಖವಾಗಿರುವ ಸೂಚನೆ ಸಿಕ್ಕಿತು. ಇದೇ ಸಂಸ್ಥೆ ಟ್ಯಾಗ್ ಹಾಕಿ ಹಿಂಬಾಲಿಸಿದ ಹಕ್ಕಿಗಳು ಕಜಕಸ್ತಾನದ ಹುಲ್ಲುಗಾವಲಿನವರೆಗೆ ಹೋಗಿ ಮರಳಿವೆ. ಅಲ್ಲಿಯ ಹುಲ್ಲಿಗೂ ಇಲ್ಲಿಯ ಹುಲ್ಲಿಗೂ ಸಂಬಂಧ ಹೊಲಿದವು ಅವೇ.

ಬಯಲು ಮತ್ತು ನೀರಿನ ನಂಟನ್ನು ತಿರುವಿ ತೋರಿಸುವ ಹಕ್ಕಿ ಇನ್ನೊಂದಿದೆ, ಸ್ಯಾಂಡ್‌ಗ್ರೌಸ್. ಮಣ್ಣಿನ ಬಣ್ಣದ, ಪಾರಿವಾಳದ ಗಾತ್ರದ ಹಕ್ಕಿ. ನೆಲದಲ್ಲಿ ಕುಳಿತರೆ ಹೆಂಟೆ ಯಾವುದು, ಹಕ್ಕಿ ಯಾವುದು ತಿಳಿಯದು. ಒಣ ಕಾಳನ್ನೇ ತಿನ್ನುವುದರಿಂದ ನೀರು ಕುಡಿಯಲು ಬರಲೇಬೇಕು. ಬಿಸಿಲೇರುವ ಹೊತ್ತಿಗೆ ಗುಂಪು ಕಟ್ಟಿಕೊಂಡು ಕೆರೆಗೋ ಕುಂಟೆಗೋ ಹಾರಿಬಂದು, ಗಡಿಬಿಡಿಯಲ್ಲಿ ಕುಡಿದು ಹೊರಟುಹೋಗುತ್ತವೆ. ಮರಿಗಳಿರುವ ಕಾಲದಲ್ಲಿ ಗಂಡು ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿಗಳನ್ನು ತೋಯಿಸಿಕೊಳ್ಳುತ್ತದೆ. ಆ ಗರಿಗಳ ಎಳೆಗಳು ಸುರುಳಿ ಬಿಚ್ಚಿ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ರಚನೆಯಾಗಿವೆ. ದೂರದ ಗೂಡಿಗೆ ಹಾರಿಹೋಗಿ ಅದು ನೆಟ್ಟಗೆ ನಿಂತರೆ ಮರಿಗಳು ಗರಿ ಚೀಪಿ ದಾಹ ತೀರಿಸಿಕೊಳ್ಳುತ್ತವೆ. ಹೆಬ್ಬಾತು ಕೆರೆಯಲ್ಲಿ ಮಲಗಿ ಬಯಲಿನಲ್ಲಿ ಉಣ್ಣುತ್ತದೆ. ಇದು ಬಯಲಿನಲ್ಲಿ ಬಾಳಿ ಕೆರೆಯಲ್ಲಿ ಕುಡಿಯುತ್ತದೆ. ಎರಡರಲ್ಲಿ ಯಾವುದನ್ನು ಕಿತ್ತರೂ ಇನ್ನೊಂದು ನಿಲ್ಲದು.

ಈ ಬಯಲನ್ನು ಬಯಲಾಗಿ ಉಳಿಸಿದವರಲ್ಲಿ ಕುರಿಗಾಹಿಗಳ ಪಾತ್ರ ದೊಡ್ಡದು. ಕೊಯ್ಲಾದ ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಮಾಡಿಸಿಕೊಳ್ಳುವ ರೈತ, ಹಿಂಡು ಹೊಡೆದುಕೊಂಡು ಊರಿಂದೂರಿಗೆ ಸಾಗುವ ಕುರುಬ, ಬೀಡು ಬಿಟ್ಟ ನೆಲ, ಹಿತಮಿತವಾಗಿ ಮೇಯ್ದ ಹುಲ್ಲು: ಈ ಏರ್ಪಾಟಿನ ಸಂದುಗಳಲ್ಲೇ ನೆಲಗುಬ್ಬಿ, ಟಿಟ್ಟಿಭ, ಸೆಳೆವಗಳಿಗೆ ಜಾಗ ಸಿಕ್ಕಿದೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿರುವುದರ ಹಿಂದೆ ಇಂಥ ತಿಳಿವಳಿಕೆಯೇ ಇದೆ.

ಅಂಕಸಮುದ್ರದ ಜಾಲಿಗಳು

ತುಂಗಭದ್ರೆಯನ್ನು ದಾಟಿ, ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯ ಮೇಲಿಂದ ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಬಂದರೆ ಅಂಕಸಮುದ್ರ. ಶತಮಾನಗಳ ಹಿಂದೆ ಕಟ್ಟಿದ ಕೆರೆ, ವಿಸ್ತಾರ ಸುಮಾರು 98 ಹೆಕ್ಟೇರ್. ಮಾಗಡಿಗೂ ಇದಕ್ಕೂ ನೋಟದಲ್ಲೇ ವ್ಯತ್ಯಾಸ. ಅಲ್ಲಿ ಬೋಳು ನೀರು, ಇಲ್ಲಿ ನೀರಿನಲ್ಲೇ ನಿಂತ ಜಾಲಿ ಮರಗಳು. ಸುತ್ತ ನೀರಿರುವುದರಿಂದ ಬೆಕ್ಕು, ನಾಯಿಗಳ ಕಾಟವಿಲ್ಲ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿಗಳಿಗೆ ಇದಕ್ಕಿಂತ ಭದ್ರವಾದ ನೆಲೆ ಸಿಗುವುದು ಕಷ್ಟ.

ಸಂಜೆ ಐದರ ನಂತರ ಇಲ್ಲಿ ನಿಲ್ಲಬೇಕು. ತುಂಗಭದ್ರಾ ಜಲಾಶಯದ ಹಿನ್ನೀರಿನ ಕಡೆಯಿಂದ, ಸುತ್ತಲ ಗದ್ದೆಗಳಿಂದ ಹಕ್ಕಿಗಳು ಸಾಲುಗಟ್ಟಿ ಮರಳುತ್ತವೆ. ಹಗಲಿನಲ್ಲಿ ಅವು ಮೇಯುವ ಜಾಗಕ್ಕೆ ಹೋಗಿ ಒಂದು ಬಣ್ಣದ ಕೊಕ್ಕರೆಯನ್ನೇ ಗಮನಿಸಿದರೆ ಅದರ ಬೇಟೆಯ ಕ್ರಮ ತಿಳಿಯುತ್ತದೆ. ಮೊಳಕಾಲುದ್ದದ ನೀರಿನಲ್ಲಿ ನಿಂತು, ಹಳದಿ ಕೊಕ್ಕನ್ನು ಅರೆತೆರೆದು ನೀರೊಳಗೆ ಅದ್ದಿ, ತಲೆಯನ್ನು ಎಡಬಲಕ್ಕೆ ಆಡಿಸುತ್ತ ಹೆಜ್ಜೆಯಿಡುತ್ತದೆ. ಅದು ಕಣ್ಣನ್ನು ನಂಬುವುದಿಲ್ಲ. ಮೀನು ಕೊಕ್ಕಿಗೆ ತಾಗಿದ ಕ್ಷಣವೇ ಕೊಕ್ಕು ಮುಚ್ಚುತ್ತದೆ. ಈ ಬೇಟೆಗೆ ಆಳದ ನೀರು ಒದಗದು. ಜಲಾಶಯದ ನೀರು ಇಳಿಯುತ್ತ ಹೋದಂತೆ ತೆರೆದುಕೊಳ್ಳುವ ತೆಳುನೀರಿನ ಅಂಚು, ಬಯಲಿನ ಸಪಾಟು ನೆಲ ಬೇಕು. ಇಲ್ಲೂ ಅದೇ ಪಾಠ: ಗೂಡು ಒಂದು ಕಡೆ, ಊಟ ಇನ್ನೊಂದು ಕಡೆ.

ಬಯಲಿಗೂ ಒಂದು ಸ್ಥಾನ

ನಮ್ಮ ಕಂದಾಯದ ಲೆಕ್ಕದಲ್ಲಿ ಉಳದ ನೆಲವೆಂದರೆ ಬಂಜರು, ಪಾಳು, ಖರಾಬು. ಬ್ರಿಟಿಷರ ಕಾಲದಲ್ಲಿ ತೆರಿಗೆ ಬಾರದ ಭೂಮಿಗೆ ಹಚ್ಚಿದ ಚೀಟಿ ಇನ್ನೂ ಕಿತ್ತುಹೋಗಿಲ್ಲ. ಹಾಗಾಗಿ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟರೆ ಅರಣ್ಯ ಬೆಳೆಸಿದಂತೆ, ಗೋಮಾಳವನ್ನು ಕಟ್ಟಡಕ್ಕೆ ಕೊಟ್ಟರೆ ಅಭಿವೃದ್ಧಿಯಾದಂತೆ. ಇದರ ಬೆಲೆ ಏನೆಂದು ರಾಣೆಬೆನ್ನೂರು ತೋರಿಸಿದೆ. ಕೃಷ್ಣಮೃಗಗಳಿಗಾಗಿ 1974ರಲ್ಲಿ ವನ್ಯಜೀವಿಧಾಮವಾದ ಆ ಬಯಲಿನ ದೊಡ್ಡ ಭಾಗವನ್ನು ನೀಲಗಿರಿ ತೋಪು ಆವರಿಸಿತು. ಅಲ್ಲಿ ಹಿಂದೆ ಕಾಣುತ್ತಿದ್ದ ಎರೆಭೂತ ಈಗಿಲ್ಲ. ದೇಶದಲ್ಲೇ ನೂರೈವತ್ತರಷ್ಟೂ ಉಳಿದಿಲ್ಲವೆಂದು ಅಂದಾಜಿಸಲಾದ ಈ ಭಾರಿ ಹಕ್ಕಿ ಕರ್ನಾಟಕದಲ್ಲಿ ಕೊನೆಯದಾಗಿ ನೆಚ್ಚಿಕೊಂಡಿರುವುದು ಸಿರುಗುಪ್ಪದ ಎರೆ ಸೀಮೆಯನ್ನು. ಅದೂ ಬೆರಳೆಣಿಕೆಯಷ್ಟು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದನ್ನೂ ಬರಿನೆಲದ ಮೇಲೆ ಇಡುತ್ತದೆ. ಕಣ್ಣುಗಳು ತಲೆಯ ಪಕ್ಕದಲ್ಲಿರುವುದರಿಂದ ಎದುರಿನ ವಿದ್ಯುತ್ ತಂತಿ ಅದಕ್ಕೆ ಹೊತ್ತಿಗೆ ಸರಿಯಾಗಿ ಕಾಣುವುದಿಲ್ಲ, ಭಾರದ ಮೈಯನ್ನು ಥಟ್ಟನೆ ತಿರುಗಿಸಲೂ ಆಗುವುದಿಲ್ಲ.

ಗಾಳಿಯಂತ್ರ, ಸೌರಫಲಕ, ನೀರಾವರಿ ಯಾವುದನ್ನೂ ಬೇಡವೆನ್ನುವ ಹಕ್ಕು ಪೇಟೆಯಲ್ಲಿ ಕುಳಿತ ನಮಗಿಲ್ಲ. ಬರ ಉಂಡ ಸೀಮೆಗೆ ನೀರು ಬರಲಿ, ಬೆಳಕು ಬರಲಿ. ಆದರೆ ಎಲ್ಲಿ ಬರಲಿ ಎಂದು ತೀರ್ಮಾನಿಸುವಾಗ ಬಯಲನ್ನು ಖಾಲಿ ಜಾಗವೆಂದು ಎಣಿಸಬಾರದು. ಕೆರೆಗೂ ಮೇವಿನ ಹೊಲಕ್ಕೂ ನಡುವೆ ಹಕ್ಕಿಗಳು ದಿನವೂ ಹಾರುವ ದಾರಿಯಲ್ಲಿ ತಂತಿ ಎಳೆಯದಂತೆ, ಎಳೆಯಲೇಬೇಕಾದರೆ ನೆಲದಡಿಯಲ್ಲಿ ಎಳೆಯುವಂತೆ ಯೋಜನೆ ಮಾಡುವುದು ಅಸಾಧ್ಯವೇನಲ್ಲ. ಹೆಬ್ಬಾತು ಮೇಯ್ದ ಹೊಲದವರಿಗೆ ಪರಿಹಾರ ಕೊಡುವುದೂ ಅಸಾಧ್ಯವಲ್ಲ.

ಕಾನೂನಿನಲ್ಲಿ ದಾರಿಯಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಗಿ ಉಳಿದಿದೆ. ಬಯಲನ್ನು ಬಯಲಾಗಿಯೇ ಕಾಯಬಹುದು ಎಂಬುದಕ್ಕೆ ಅದು ಸಾಕ್ಷಿ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಬರೆಯಬೇಕು. ಆ ದಾಖಲೆಯಲ್ಲಿ ಸೆಳೆವಗಳು ಮಲಗುವ ಹುಲ್ಲು, ಸ್ಯಾಂಡ್‌ಗ್ರೌಸ್ ಕುಡಿಯುವ ಕುಂಟೆ, ಹೆಬ್ಬಾತು ಮೇಯುವ ಹೊಲ ಸೇರಲಿ. ಇವೆಲ್ಲ ಎಲ್ಲಿವೆ ಎಂದು ಕುರಿಗಾಹಿಗಳಿಗೂ ರೈತರಿಗೂ ಚೆನ್ನಾಗಿ ಗೊತ್ತು, ಕೇಳಿ ಬರೆದುಕೊಳ್ಳುವವರು ಬೇಕು.

ಹೋಗುವವರಿಗೆ

ನವೆಂಬರ್ ನಡುವಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ನಸುಕಿಗೆ ಮತ್ತು ಸಂಜೆಗೆ ಕೆರೆ, ನಡುವಿನ ಹೊತ್ತಿನಲ್ಲಿ ಬಯಲು ಎಂದು ದಿನವನ್ನು ಹಂಚಿಕೊಳ್ಳಿ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನು ಸಾಕು. ಡ್ರೋನ್ ಹಾರಿಸಬೇಡಿ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಫೋಟೊಗಾಗಿ ಹೆಬ್ಬಾತುಗಳನ್ನು ಎಬ್ಬಿಸಿದರೆ ಅವು ಕಷ್ಟಪಟ್ಟು ಕೂಡಿಸಿಕೊಂಡ ಶಕ್ತಿ ವ್ಯರ್ಥವಾಗುತ್ತದೆ. ಬಿತ್ತಿದ ಹೊಲದಲ್ಲಿ ನಡೆಯಬೇಡಿ, ಹುಲ್ಲುಗಾವಲಿನೊಳಗೆ ಕಾರು ಇಳಿಸಬೇಡಿ. ಕಂಡ ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್ ಜಾಲತಾಣಕ್ಕೆ ಸೇರಿಸಿ. ಕೆರೆಯ ಪಟ್ಟಿಗಳು ಅಲ್ಲಿ ಬೇಕಾದಷ್ಟಿವೆ. ಮುಂಡರಗಿಯ ಯಾವುದೋ ಬೀಡು ಹೊಲದ ಬಳಿ ಅರ್ಧ ಗಂಟೆ ನಿಂತು ಬರೆದ ಪಟ್ಟಿಗೆ ಹೆಚ್ಚಿನ ಬೆಲೆ. ಆ ಹೊಲ ಖಾಲಿಯಾಗಿಲ್ಲ ಎಂದು ಮುಂದೊಂದು ದಿನ ಯಾರಾದರೂ ವಾದಿಸಬೇಕಾಗಿ ಬಂದಾಗ, ಅವರ ಕೈಯಲ್ಲಿ ಇರುವ ಆಧಾರ ಅಂಥ ಪಟ್ಟಿಗಳೇ.